ವಿನೋದೋದ್ಯಾನಗಳೂ ಆಹಾರ ಪ್ರವಾಸವೂ

ಒಂದು ಕಥೆಯನ್ನೋ ಒಂದು ಕಾಲವನ್ನೋ ಒಂದು ದೇಶವನ್ನೋ ಆಧಾರವಾಗಿಟ್ಟುಕೊಂಡು, ಕಟ್ಟಡ, ವೇಷಭೂಷಣ, ವಾದ್ಯ, ಯಂತ್ರ ಮೊದಲಾದ ಸಕಲ ಸಾಮಗ್ರಿಯನ್ನೂ ಅದಕ್ಕೆ ಅನುಗುಣವಾಗಿ ಜೋಡಿಸಿ, ಶುಲ್ಕ ತೆತ್ತು ಒಳಹೊಕ್ಕವರಿಗೆ ಒಂದು ಹಗಲಿನ ಮಟ್ಟಿಗೆ ಲೋಕಾಂತರದ ಭ್ರಮೆಯನ್ನುಂಟುಮಾಡುವ ಆವರಣಕ್ಕೆ ವಿನೋದೋದ್ಯಾನವೆಂದು ಹೆಸರು. ಜನರ ಬಾಯಲ್ಲಿ ಇದು ಥೀಮ್ ಪಾರ್ಕ್. ಒಂದು ಸೀಮೆಯ ಅಡುಗೆಯನ್ನು ಅದು ಹುಟ್ಟಿದ ನೆಲದಲ್ಲಿಯೇ, ಅದನ್ನು ಮಾಡಬಲ್ಲವರ ಕೈಯಿಂದಲೇ ಉಣ್ಣಬೇಕೆಂಬ ಅಪೇಕ್ಷೆಯಿಂದ ಕೈಗೊಳ್ಳುವ ಸಂಚಾರ ಆಹಾರ ಪ್ರವಾಸ. ಈ ಎರಡನೆಯದಕ್ಕೆ ಶಾಸ್ತ್ರೀಯವಾದ ಹೆಸರನ್ನು 1998ರಲ್ಲಿ ಅಮೆರಿಕದ ಜಾನಪದ ವಿದ್ವಾಂಸೆ ಲೂಸಿ ಲಾಂಗ್ ಬಳಕೆಗೆ ತಂದರು. ಹೆಸರು ಬರುವ ಮೊದಲೇ ಕೆಲಸ ನಡೆದಿತ್ತೆಂಬುದನ್ನು ಹೇಳಬೇಕಾಗಿಲ್ಲ. ಮೊದಲನೆಯದು ಮಕ್ಕಳ ಸಂತೋಷಕ್ಕೆ, ಎರಡನೆಯದು ನಾಲಗೆಯ ಅಭಿಮಾನವುಳ್ಳ ಹಿರಿಯರಿಗೆ ಎಂದು ಇವೆರಡನ್ನೂ ಬೇರೆ ಬೇರೆ ಪ್ರಕರಣಗಳಾಗಿ ವಿವೇಚಿಸುವುದು ವಾಡಿಕೆ. ಆದರೆ ಇವುಗಳ ಚರಿತ್ರೆಯನ್ನು ಬಿಡಿಸಿ ನೋಡಿದರೆ, ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ಮೊದಲು ಹೊತ್ತಿದ್ದು ಒಲೆ, ಚಕ್ರ ತಿರುಗಿದ್ದು ಅನಂತರ ಎಂಬುದು ಕಂಡುಬರುತ್ತದೆ. ಊಟ ಆತಿಥೇಯನಾಗಿ ಯಂತ್ರ ಅತಿಥಿಯಾಗಿ ಬಂದ ಉದ್ಯಾನಗಳಲ್ಲಿ ಅಡುಗೆ ಇಂದಿಗೂ ಅಡುಗೆಯಾಗಿ ಉಳಿದಿದೆ. ಯಂತ್ರವೇ ಯಜಮಾನನಾದ ಕಡೆಯಲ್ಲಿ ಅದು ಬಹುಮಟ್ಟಿಗೆ ಬರಿಯ ಬೆಲೆಪಟ್ಟಿಯಾಗಿದೆ. ಈ ಲೇಖನ ಆ ಭೇದವನ್ನು ಮುಖ್ಯವಾಗಿ ಅನುಸರಿಸುತ್ತದೆ.

ಪೂರ್ವರೂಪಗಳು

ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ಉತ್ತರದ ಅರಣ್ಯದಲ್ಲಿರುವ ಬಾಕೆನ್ ಎಂಬ ವಿಹಾರಸ್ಥಾನವು 1583ರಲ್ಲಿ ಅಲ್ಲಿ ಕಂಡುಬಂದ ಒಂದು ನೀರಿನ ಬುಗ್ಗೆಯಿಂದ ಆರಂಭವಾಯಿತೆಂದು ಎಣಿಸಿ, ಅದನ್ನು ಈಗಲೂ ನಡೆಯುತ್ತಿರುವ ವಿನೋದೋದ್ಯಾನಗಳಲ್ಲೆಲ್ಲ ಪ್ರಾಚೀನವಾದದ್ದೆಂದು ಹೇಳುತ್ತಾರೆ. ರೋಗ ನೀಗುವ ನೀರೆಂದು ಜನ ಬಂದರು. ಬಂದ ಜನಕ್ಕೆ ಹಸಿವಾಯಿತು. ಹಸಿದವರಿಗೆ ಮಾರುವವರೂ, ಉಂಡು ಕುಳಿತವರಿಗೆ ಆಟ ತೋರಿಸುವವರೂ ಒಬ್ಬರ ಬೆನ್ನಿಗೆ ಒಬ್ಬರು ಬಂದರು. ಲಂಡನ್ನಿನ ವಾಕ್ಸ್‌ಹಾಲ್ ತೋಟ 18ನೆಯ ಶತಮಾನದಲ್ಲಿ ಒಂದು ಷಿಲ್ಲಿಂಗಿನ ಪ್ರವೇಶಕ್ಕೆ ಸಂಗೀತ, ದೀಪಾಲಂಕಾರ ಮತ್ತು ಮರಗಳ ನಡುವಣ ಭೋಜನವನ್ನು ಒದಗಿಸುತ್ತಿತ್ತು. ಅಲ್ಲಿ ಬಡಿಸುತ್ತಿದ್ದ ಮಾಂಸದ ಹೋಳು ಎಷ್ಟು ತೆಳ್ಳಗಿರುತ್ತಿತ್ತೆಂದರೆ ಅದರ ಮೂಲಕ ವೃತ್ತಪತ್ರಿಕೆ ಓದಬಹುದೆಂದು ಆ ನಗರದ ಹಾಸ್ಯಗಾರರು ಆಡಿಕೊಳ್ಳುತ್ತಿದ್ದರು. ಉದ್ಯಾನದೊಳಗಿನ ತಿಂಡಿಯ ಬಗ್ಗೆ ಇಂದು ನಾವು ಹೇಳುವ ದೂರಿಗೆ ಇನ್ನೂರೈವತ್ತು ವರ್ಷಗಳ ವಂಶಾವಳಿಯಿದೆಯೆಂದು ಇದರಿಂದ ತಿಳಿಯಬಹುದು. ವಾಕ್ಸ್‌ಹಾಲ್ 1859ರಲ್ಲಿ ಮುಚ್ಚಿತು. ವಿಯೆನ್ನಾದ ಪ್ರಾಟರ್ ರಾಜವಂಶದ ಬೇಟೆಗಾಡಾಗಿದ್ದು, 1766ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಅದನ್ನು ಸಾರ್ವಜನಿಕರಿಗೆ ತೆರೆದಾಗ ಅಲ್ಲಿ ಮೊದಲು ತಲೆಯೆತ್ತಿದವು ಕಾಫಿ ಮನೆಗಳೇ. ಅದರ ಸುಪ್ರಸಿದ್ಧ ದೈತ್ಯಚಕ್ರ ನಿಂತದ್ದು ನೂರ ಮೂವತ್ತೊಂದು ವರ್ಷಗಳ ತರುವಾಯ, 1897ರಲ್ಲಿ.

1843ರ ಆಗಸ್ಟ್ 15ರಂದು ಗೇಓರ್ ಕಾರ್ಸ್ಟೆನ್‌ಸೆನ್ ಎಂಬಾತ ಕೋಪನ್‌ಹೇಗನ್ನಿನ ಕೋಟೆಯ ಹೊರಬಯಲಿನಲ್ಲಿ ತೆರೆದ ಟಿವೋಲಿ ಈ ಪರಂಪರೆಯಲ್ಲಿ ಶ್ರೇಷ್ಠವಾದದ್ದು. ಅದರೊಳಗಿನ ಕೊಳ ಹಳೆಯ ಕೋಟೆಯ ಕಂದಕದ ಉಳಿಕೆ. 1914ರ ಮರದ ರೋಲರ್ ಕೋಸ್ಟರ್ ಅಲ್ಲಿ ಇನ್ನೂ ಓಡುತ್ತದೆ. ಗಾಡಿಯ ನಡುವೆ ಒಬ್ಬ ಮನುಷ್ಯ ಕುಳಿತು ಕೈಯಿಂದಲೇ ಬಿರಿ ಹಾಕುತ್ತಾನೆ. ಆದರೆ ಆ ಗಾಡಿಗಿಂತ ನಲವತ್ತು ವರ್ಷ ಹಿರಿದಾದ, 1874ರಿಂದ ನಡೆದುಬಂದಿರುವ ಗ್ರಫ್ಟೆನ್ ಎಂಬ ಭೋಜನಶಾಲೆಯೂ ಅಲ್ಲಿಯೇ ಇದೆ. ರೊಟ್ಟಿಯ ಮೇಲೆ ಸಿಗಡಿಯನ್ನು ರಾಶಿಯಾಗಿ ಹೇರಿ ಕೊಡುವ ತೆರೆದ ಸ್ಯಾಂಡ್‌ವಿಚ್ಚನ್ನು ತಿನ್ನುವುದಕ್ಕಾಗಿಯೇ ಡೇನರು ಟಿವೋಲಿಗೆ ಹೋಗುವುದುಂಟು. ಯಾವ ಗಾಡಿಯನ್ನೂ ಏರದೆ ಇಡಿಯ ಸಂಜೆಯನ್ನು ಕಳೆಯಬಹುದಾದ ವಿನೋದೋದ್ಯಾನ ಎಂಬ ಹೊಗಳಿಕೆ ಅದಕ್ಕೆ ಸಲ್ಲುತ್ತದೆ.

ನಮ್ಮ ಜಾತ್ರೆಗೂ ಈ ಕುಲದಲ್ಲಿ ಒಂದು ಸ್ಥಾನವಿದೆ. ತೇರು ಎಳೆದು ಮುಗಿದ ಮೇಲೆ ಊರ ಹೊರಗಿನ ಬಯಲಿನಲ್ಲಿ ಏಳುವ ತಿರುಗುವ ತೊಟ್ಟಿಲು, ಕುದುರೆಗಳ ಚಕ್ರ, ಮೋಟಾರು ಸೈಕಲ್ಲಿನವನು ಗೋಡೆಯ ಮೇಲೆ ಸುತ್ತುವ ಸಾವಿನ ಬಾವಿ ಇವುಗಳ ಪಕ್ಕದಲ್ಲಿಯೇ ಬೆಂಡು ಬತ್ತಾಸಿನ ಸಾಲು, ಮಂಡಕ್ಕಿಯ ಗುಡ್ಡ, ಎಣ್ಣೆಯ ಬಾಣಲೆಯಲ್ಲಿ ಚುಂಯ್‌ಗುಡುವ ಮಿರ್ಚಿ. ಬೇಲಿಯಿಲ್ಲ, ಪ್ರವೇಶಪತ್ರವಿಲ್ಲ. ಕಥಾವಸ್ತು ಯಾವುದೆಂದರೆ ಗುಡಿಯ ದೇವರು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1880ರಲ್ಲಿ ಮೊದಲಾದ ದಸರಾ ವಸ್ತುಪ್ರದರ್ಶನ ಈ ಜಾತ್ರೆಗೂ ಪಾಶ್ಚಾತ್ಯ ಮಾದರಿಯ ಪ್ರದರ್ಶನಕ್ಕೂ ಸೇತುವೆಯಾದದ್ದು. ಕೃಷಿ ಮತ್ತು ಕೈಗಾರಿಕೆಗಳ ಅಭಿವೃದ್ಧಿಯನ್ನು ಜನರಿಗೆ ತೋರಿಸಬೇಕೆಂಬ ಘನವಾದ ಉದ್ದೇಶ ಅದರ ಹಿಂದಿದ್ದರೂ, ಹೋಗಿ ಬಂದವರ ನೆನಪಿನಲ್ಲಿ ಉಳಿಯುವುದು ಮುಖಕ್ಕಿಂತ ದೊಡ್ಡದಾದ, ಖಾರದ ಪುಡಿ ಸವರಿದ ಡೆಲ್ಲಿ ಹಪ್ಪಳ. ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದು ಜೈಂಟ್ ವೀಲಿನ ಕೆಳಗೆ ನಿಂತ ತಂದೆ ಅಲ್ಲಿಯ ನಿತ್ಯದೃಶ್ಯ.

ಅಮೆರಿಕದ ವಸ್ತುಪ್ರದರ್ಶನಗಳು

1893ರ ಷಿಕಾಗೋ ಪ್ರದರ್ಶನದಲ್ಲಿ ಜಾರ್ಜ್ ಫೆರಿಸ್ ನಿಲ್ಲಿಸಿದ 264 ಅಡಿ ಎತ್ತರದ, ಒಂದೊಂದರಲ್ಲಿ ಅರವತ್ತು ಜನ ಹಿಡಿಸುವ 36 ಪೆಟ್ಟಿಗೆಗಳ ಚಕ್ರ ನಮ್ಮ ಜಾತ್ರೆಯ ತೊಟ್ಟಿಲಿನ ಯಂತ್ರಯುಗದ ಅವತಾರ. 1904ರ ಸೇಂಟ್ ಲೂಯಿಸ್ ಪ್ರದರ್ಶನದಲ್ಲಿ ಸಕ್ಕರೆಯನ್ನು ಕಾಯಿಸಿ ನೂಲಾಗಿ ಎಳೆಯುವ ಯಂತ್ರವೊಂದು ಬಂದಿತು. ಅದರ ನಿರ್ಮಾತೃಗಳಿಬ್ಬರಲ್ಲಿ ಒಬ್ಬನಾದ ವಿಲಿಯಂ ಮಾರಿಸನ್ ವೃತ್ತಿಯಿಂದ ದಂತವೈದ್ಯ. ಹಲ್ಲಿನ ವೈದ್ಯನೇ ಹಲ್ಲಿಗೆ ಹುಳುಕು ತರುವ ತಿನಿಸನ್ನು ಲೋಕಕ್ಕೆ ಕೊಟ್ಟದ್ದು ವಿಧಿಯ ವಿನೋದ. ಒಂದು ಪೆಟ್ಟಿಗೆಗೆ 25 ಸೆಂಟಿನಂತೆ 68,655 ಪೆಟ್ಟಿಗೆಗಳು ಖರ್ಚಾದವು. ನಮ್ಮ ಜಾತ್ರೆಗಳಲ್ಲಿ ಮಕ್ಕಳ ಮೂಗಿಗೆ ಅಂಟುವ ಬೊಂಬಾಯಿ ಮಿಠಾಯಿ ಇದೇ. ಅದಕ್ಕೂ ಗೋಬಿ ಮಂಚೂರಿಗೂ ಬೆರೆಸುತ್ತಿದ್ದ ರೋಡಮೈನ್–ಬಿ ಮೊದಲಾದ ಕೃತಕ ಬಣ್ಣಗಳನ್ನು ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿತು.

ನ್ಯೂಯಾರ್ಕಿನ ಕೋನಿ ಐಲೆಂಡ್ ತೀರದಲ್ಲಿ ಲಾಮಾರ್ಕಸ್ ಥಾಂಪ್‌ಸನ್ 1884ರಲ್ಲಿ ಗಂಟೆಗೆ ಆರು ಮೈಲಿ ವೇಗದ ಏರಿಳಿತದ ರೈಲನ್ನು ಓಡಿಸಿ, ಸವಾರಿಗೆ ಐದು ಸೆಂಟು ವಸೂಲು ಮಾಡಿದನು. ಆದರೆ ಅದೇ ತೀರದಲ್ಲಿ ಚಾರ್ಲ್ಸ್ ಫೆಲ್ಟ್‌ಮನ್ ಎಂಬ ಜರ್ಮನ್ ವಲಸೆಗಾರ ತಳ್ಳುಗಾಡಿಯೊಂದರಲ್ಲಿ ಬಿಸಿ ಸಾಸೇಜನ್ನು ಉದ್ದನೆಯ ಬನ್ನಿನೊಳಗಿಟ್ಟು ಮಾರತೊಡಗಿ ಆಗಲೇ ಹದಿನೈದು ವರ್ಷಗಳ ಮೇಲಾಗಿತ್ತು. ಆತನ ಗಾಡಿ ಬೆಳೆದು ವಿಶಾಲವಾದ ಭೋಜನಶಾಲೆಯಾಯಿತು; ಅಲ್ಲಿ ಬನ್ನು ಕೊಯ್ಯುವ ಕೆಲಸಕ್ಕಿದ್ದ ನೇಥನ್ ಹ್ಯಾಂಡ್‌ವರ್ಕರ್ 1916ರಲ್ಲಿ ಸ್ವಂತ ಅಂಗಡಿಯಿಟ್ಟು, ಯಜಮಾನ ಹತ್ತು ಸೆಂಟಿಗೆ ಕೊಡುತ್ತಿದ್ದುದನ್ನು ತಾನು ಐದಕ್ಕೆ ಕೊಟ್ಟನು. ಇಷ್ಟು ಅಗ್ಗವಾದ ಮಾಂಸ ಯಾವ ಪ್ರಾಣಿಯದೋ ಎಂದು ಜನ ಸಂಶಯಪಟ್ಟಾಗ, ವೈದ್ಯರ ಬಿಳಿಯ ಅಂಗಿ ತೊಡಿಸಿದ ಕೆಲವರನ್ನು ಅಂಗಡಿಯ ಮುಂದೆ ನಿಲ್ಲಿಸಿ ಪುಕ್ಕಟೆಯಾಗಿ ತಿನ್ನಿಸಿದನೆಂಬುದು ಅಲ್ಲಿಯ ದಂತಕಥೆ. ಸ್ಟೀಪಲ್‌ಚೇಸ್, ಲೂನಾ ಪಾರ್ಕ್, ಡ್ರೀಮ್‌ಲ್ಯಾಂಡ್ ಎಂಬ ಅಲ್ಲಿಯ ಮೂರು ಮಹೋದ್ಯಾನಗಳಲ್ಲಿ ಕೊನೆಯದು 1911ರಲ್ಲಿ ಸುಟ್ಟುಹೋಯಿತು, ಉಳಿದವೂ ಕಾಲಕ್ರಮದಲ್ಲಿ ಅಳಿದವು. ನೇಥನ್ನನ ಅಂಗಡಿ ಅದೇ ಮೂಲೆಯಲ್ಲಿ ಇಂದಿಗೂ ಇದೆ.

ಕೋಳಿಯೂಟದಿಂದ ಹುಟ್ಟಿದ ಊರು

ನಮ್ಮ ವಿಷಯಕ್ಕೆ ಅತ್ಯಂತ ಉಪಯುಕ್ತವಾದ ಉದಾಹರಣೆ ಕ್ಯಾಲಿಫೋರ್ನಿಯಾದ ಬ್ಯೂನಾ ಪಾರ್ಕ್ ಎಂಬಲ್ಲಿರುವ ನಾಟ್ಸ್ ಬೆರಿ ಫಾರ್ಮ್. ವಾಲ್ಟರ್ ನಾಟ್ ಎಂಬ ರೈತ 1920ರಲ್ಲಿ ಅಲ್ಲಿ ಭೂಮಿಯನ್ನು ಗುತ್ತಿಗೆಗೆ ಹಿಡಿದು ಬೆರಿಹಣ್ಣು ಬೆಳೆದು ರಸ್ತೆಯಂಚಿನ ಅಂಗಡಿಯಲ್ಲಿ ಮಾರುತ್ತಿದ್ದನು. ಸಮುದ್ರತೀರಕ್ಕೆ ಮೋಟಾರಿನಲ್ಲಿ ಹೋಗುವವರು ಹಾದಿಯಲ್ಲಿ ನಿಂತು ಕೊಳ್ಳುತ್ತಿದ್ದರು. ನೆರೆಯ ಅನಹೈಮಿನ ರುಡಾಲ್ಫ್ ಬಾಯ್‌ಸನ್ ಎಂಬಾತ ಹಲವು ಬಗೆಯ ಬೆರಿಗಳನ್ನು ಕೂಡಿಸಿ ಒಂದು ಹೊಸ ತಳಿಯನ್ನು ಮಾಡಿ, ಫಲ ಕಾಣದೆ ಕೈಬಿಟ್ಟಿದ್ದನು. ಸರ್ಕಾರದ ಕೃಷಿ ಇಲಾಖೆಯ ಜಾರ್ಜ್ ಡ್ಯಾರೋ ಅದನ್ನು ಅರಸಿಕೊಂಡು ಬಂದಾಗ ನಾಟ್ ಜೊತೆಗೂಡಿ ಹುಡುಕಿ, ಕಳೆ ಮುಚ್ಚಿದ ಹೊಲದಲ್ಲಿ ಸಾಯುತ್ತಿದ್ದ ಕೆಲವು ಬಳ್ಳಿಗಳನ್ನು ಕಂಡು, ಕಿತ್ತು ತಂದು ತನ್ನ ತೋಟದಲ್ಲಿ ನೆಟ್ಟು ಬದುಕಿಸಿದನು. 1932ರಿಂದ ಹಣ್ಣು ಮಾರಾಟಕ್ಕೆ ಬಂದಿತು. ಕಪ್ಪುಗೆಂಪಿನ, ಹೆಬ್ಬೆರಳ ತುದಿಯಷ್ಟು ದಪ್ಪನೆಯ, ಹುಳಿ ಮುಂದಾಗಿ ಸಿಹಿ ಹಿಂದಾಗಿರುವ ಆ ಹಣ್ಣಿಗೆ ನಾಟ್ ತನ್ನ ಹೆಸರನ್ನಿಡದೆ ಬಾಯ್‌ಸನ್ನನ ಹೆಸರನ್ನೇ ಇಟ್ಟದ್ದು ಅವನ ಸೌಜನ್ಯ. ಲೋಕದಲ್ಲಿರುವ ಬಾಯ್‌ಸನ್‌ಬೆರಿ ಗಿಡಗಳೆಲ್ಲ ಆ ಕೆಲವು ಬಳ್ಳಿಗಳ ಸಂತಾನವೆನ್ನುತ್ತಾರೆ.

ಅಮೆರಿಕ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಲುಕಿ ಬೆರಿ ಕೊಳ್ಳುವವರೂ ಕಡಿಮೆಯಾಗಿದ್ದ 1934ರ ಜೂನ್ ತಿಂಗಳ ಒಂದು ಸಂಜೆ, ವಾಲ್ಟರನ ಹೆಂಡತಿ ಕಾರ್ಡೀಲಿಯಾ ತನ್ನ ಮದುವೆಯಲ್ಲಿ ಬಂದಿದ್ದ ಪಿಂಗಾಣಿ ತಟ್ಟೆಗಳನ್ನು ಕಪಾಟಿನಿಂದ ಇಳಿಸಿ, ಕರಿದ ಕೋಳಿ, ಹಿಸುಕಿದ ಆಲೂಗಡ್ಡೆ, ಬಿಸಿ ಬಿಸ್ಕತ್ತು, ತರಕಾರಿ ಮತ್ತು ಬೆರಿಯ ಕಡುಬಿನ ಊಟವನ್ನು 65 ಸೆಂಟಿನಂತೆ ಎಂಟು ಜನರಿಗೆ ಬಡಿಸಿದಳು. ಇಲ್ಲಿ ಬಿಸ್ಕತ್ತೆಂದರೆ ನಮ್ಮ ಚಹದೊಡನೆ ಬರುವ ಗಟ್ಟಿ ಬಿಲ್ಲೆಯಲ್ಲ. ಬೆಣ್ಣೆ ಹಾಕಿ ಒಲೆಯಲ್ಲಿ ಉಬ್ಬಿಸಿದ ಮೆತ್ತನೆಯ ಚಿಕ್ಕ ರೊಟ್ಟಿ. ಬರಬರುತ್ತ ಉಣ್ಣುವವರ ಸಂಖ್ಯೆ ಹೆಚ್ಚುತ್ತ ಹೋಯಿತು. ಆರೇ ವರ್ಷಗಳಲ್ಲಿ ಒಂದು ಭಾನುವಾರದ ಸಂಜೆಗೆ ನಾಲ್ಕು ಸಾವಿರ ಊಟಗಳು ಹೋಗುವ ಸ್ಥಿತಿಯುಂಟಾಗಿ, ಕಾದು ನಿಂತವರ ಸಾಲು ತೋಟವನ್ನು ದಾಟಿ ರಸ್ತೆಗಿಳಿಯಿತು.

ಇಂತಿರಲು ವಾಲ್ಟರನಿಗೆ ಒಂದು ಚಿಂತೆ ಹತ್ತಿತು. ಎರಡು ಮೂರು ಗಂಟೆ ಕಾಯುವ ಜನ ಬೇಸರದಿಂದ ಹಿಂದಿರುಗಿದರೆ ಹೆಂಡತಿಯ ಅಡುಗೆ ವ್ಯರ್ಥವಾಗುವುದು. ಆದಕಾರಣ ಕಾಯುವವರಿಗೆ ನೋಡಲು ಏನಾದರೂ ಬೇಕು. ಮೊದಲು ಒಂದು ಕೃತಕ ಜಲಪಾತ, ಹೊಗೆಯುಗುಳುವ ಒಂದು ಪುಟ್ಟ ಜ್ವಾಲಾಮುಖಿ ಇಂಥ ಸಾಧಾರಣ ಕೌತುಕಗಳನ್ನು ನಿಲ್ಲಿಸಿದನು. ಬಳಿಕ 1940ರಲ್ಲಿ, 1868ರಲ್ಲಿ ಎತ್ತಿನ ಬಂಡಿಯ ದಾರಿಯಲ್ಲಿ ಪಶ್ಚಿಮಕ್ಕೆ ಬಂದ ತನ್ನ ಅಜ್ಜಿಯ ಸ್ಮರಣೆಯಲ್ಲಿ, ಮರುಭೂಮಿಯ ನಿರ್ಜನವಾದ ಗಣಿಯೂರುಗಳಿಂದ ಹಳೆಯ ಮರದ ಮನೆಗಳನ್ನು ಬಿಚ್ಚಿ ತಂದು ಮರಳಿ ಕಟ್ಟಿ, ಬೆಳ್ಳಿಯ ಗಣಿಗಳ ಕಾಲದ ಒಂದು ಊರನ್ನೇ ಎಬ್ಬಿಸತೊಡಗಿದನು. ‘ಘೋಸ್ಟ್ ಟೌನ್’, ಎಂದರೆ ಪಾಳೂರು, ಎಂದು ಅದಕ್ಕೆ ಹೆಸರು. ಡಿಸ್ನಿಲ್ಯಾಂಡ್ ತೆರೆಯುವುದಕ್ಕೆ ಹದಿನೈದು ವರ್ಷ ಮೊದಲೇ, ಒಂದು ಕಥಾವಸ್ತುವನ್ನು ಹಿಡಿದು ಕಟ್ಟಿದ ಆವರಣ ಇಲ್ಲಿ, ಊಟದ ಸಾಲಿನ ಬೇಸರ ಕಳೆಯುವ ಉಪಾಯವಾಗಿ ಸಿದ್ಧವಾಗುತ್ತಿತ್ತು. 1952ರಲ್ಲಿ ನೈಜವಾದ ಉಗಿಬಂಡಿ ಬಂದಿತು. 1960ರಲ್ಲಿ ಗಣಿಯೊಳಗಿನ ಸವಾರಿ. 1969ರಲ್ಲಿ ನೀರಿನ ಕಾಲುವೆಯಲ್ಲಿ ಮರದ ದಿಮ್ಮಿಯ ಮೇಲೆ ಜಾರುವ ಸವಾರಿ. 1968ರ ವರೆಗೂ ಬೇಲಿಯಿರಲಿಲ್ಲ, ಪ್ರವೇಶಶುಲ್ಕವಿರಲಿಲ್ಲ. ಆ ವರ್ಷ ಎರಡೂ ಬಂದವು. ಕಾರ್ಡೀಲಿಯಾ 1974ರಲ್ಲಿಯೂ ವಾಲ್ಟರ್ 1981ರಲ್ಲಿಯೂ ತೀರಿಕೊಂಡರು. 1997ರಲ್ಲಿ ಕುಟುಂಬ ಉದ್ಯಾನವನ್ನು ದೊಡ್ಡದೊಂದು ಕಂಪನಿಗೆ ಮಾರಿತು. ಆದರೂ ಪ್ರತಿ ವಸಂತದಲ್ಲಿ ನಡೆಯುವ ಬಾಯ್‌ಸನ್‌ಬೆರಿ ಹಬ್ಬದಲ್ಲಿ ಆ ಒಂದೇ ಹಣ್ಣು ಕಡುಬು, ಸಾರು, ಗೊಜ್ಜು, ಪಾನಕ, ಮಾಂಸದ ಲೇಪ ಎಂದು ಹತ್ತಾರು ರೂಪಗಳಲ್ಲಿ ಬರುತ್ತದೆ. ಹಲಸಿನ ಮೇಳಕ್ಕೆ ಹೋಗಿ ಹಲಸಿನ ಹಪ್ಪಳದಿಂದ ಹಲಸಿನ ಐಸ್‌ಕ್ರೀಮಿನ ವರೆಗೆ ರುಚಿ ನೋಡಿದವರಿಗೆ ಇದು ಅಪರಿಚಿತವಾಗಿ ತೋರದು.

ಇನ್ನೊಂದು ಸಂಗತಿ: ಕಾರ್ಡೀಲಿಯಾಳ ಹೆಸರಿನ ಕೋಳಿಯೂಟದ ಮನೆ ಇಂದಿಗೂ ಬೇಲಿಯ ಹೊರಗಡೆಯೇ ಇದೆ. ಅಲ್ಲಿ ಉಣ್ಣುವುದಕ್ಕೆ ಉದ್ಯಾನದ ಪ್ರವೇಶಪತ್ರ ಬೇಕಾಗಿಲ್ಲ.

ಡಿಸ್ನಿಯ ಕ್ರಮ

ಅಲ್ಲಿಂದ ಕೆಲವೇ ಮೈಲಿ ದೂರದ ಅನಹೈಮಿನಲ್ಲಿ, 160 ಎಕರೆಯ ಕಿತ್ತಳೆ ತೋಪಿನಲ್ಲಿ, 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡಿನಲ್ಲಿ ಕ್ರಮ ತಲೆಕೆಳಗಾಯಿತು. ಇಲ್ಲಿ ಕಥೆ ಮೊದಲು, ಯಂತ್ರ ಅನಂತರ, ಊಟ ಕೊನೆಗೆ. ಮೊದಲ ದಿನವೇ ನಿರೀಕ್ಷೆಗೆ ಮೀರಿ ಬಂದ ಜನಕ್ಕೆ ಆಹಾರ ಸಾಲದೆ ಹೋಯಿತು. ನಲ್ಲಿ ಕೆಲಸಗಾರರ ಮುಷ್ಕರದಿಂದಾಗಿ ಶೌಚಾಲಯಗಳನ್ನೋ ಕುಡಿಯುವ ನೀರಿನ ನಲ್ಲಿಗಳನ್ನೋ ಎರಡರಲ್ಲೊಂದನ್ನು ಮಾತ್ರ ಸಿದ್ಧಗೊಳಿಸಲು ಸಾಧ್ಯವಾಗಿ, ಉದ್ಯಾನದ ನಿರ್ಮಾತೃ ಡಿಸ್ನಿ ಮೊದಲನೆಯದನ್ನು ಆರಿಸಿಕೊಂಡನು. ತಂಪುಪಾನೀಯ ಮಾರಲೆಂದೇ ನೀರು ನಿಲ್ಲಿಸಿದರೆಂದು ಬಾಯಾರಿದ ಜನ ಗೊಣಗಿದರು. ಆ ಆರೋಪ ಅನ್ಯಾಯವಾದದ್ದು. ಆದರೆ ಬೇಲಿಯೊಳಗೆ ಹೊಕ್ಕ ಗಿರಾಕಿಗೆ ಬೇರೆ ಅಂಗಡಿಯಿಲ್ಲವೆಂಬ ಅದರ ಹಿಂದಿನ ಶಂಕೆ ಅನ್ಯಾಯವಾದದ್ದಲ್ಲ.

ಡಿಸ್ನಿಯ ಬಳಗ ಊಟವನ್ನು ಅಲಕ್ಷಿಸಿತೆಂದು ಹೇಳುವುದು ಸಲ್ಲದು. ಅದನ್ನು ಕಥೆಯ ಅಂಗವನ್ನಾಗಿ ಮಾಡಿತೆಂಬುದೇ ಸರಿ. 1967ರ ಕಡಲ್ಗಳ್ಳರ ಸವಾರಿಯೊಳಗೇ ‘ಬ್ಲೂ ಬೇಯು’ ಎಂಬ ಭೋಜನಶಾಲೆಯನ್ನಿರಿಸಿದರು. ನಡುಹಗಲಿನಲ್ಲಿಯೂ ಅಲ್ಲಿ ಮುಸ್ಸಂಜೆ, ಮೇಜಿನ ಪಕ್ಕದ ಕತ್ತಲ ನೀರಿನಲ್ಲಿ ದೋಣಿಗಳು ಸಾಗುತ್ತವೆ. ಉಣ್ಣುವವರು ದೋಣಿಯವರಿಗೂ, ದೋಣಿಯವರು ಉಣ್ಣುವವರಿಗೂ ನೋಟದ ವಸ್ತುಗಳಾಗುತ್ತಾರೆ. ಡಿಸ್ನಿಲ್ಯಾಂಡಿನದೇ ಮೆಕ್ಸಿಕನ್ ಉಪಾಹಾರಗೃಹವೊಂದರಲ್ಲಿ ಮಿಕ್ಕ ಜೋಳದ ರೊಟ್ಟಿಗಳನ್ನು ತುಂಡರಿಸಿ ಕರಿದು ಮಸಾಲೆ ಹಚ್ಚಿ ಕೊಟ್ಟದ್ದೇ ಡೊರಿಟೋಸ್ ಎಂಬ ಜಗದ್ವ್ಯಾಪಿ ತಿಂಡಿಯ ಮೂಲವೆಂಬ ಕಥೆಯುಂಟು. ನಿನ್ನೆಯ ರೊಟ್ಟಿಗೆ ಒಗ್ಗರಣೆ ಹಾಕುವ ನಮ್ಮ ಗೃಹಿಣಿಯರು ಇದನ್ನು ದೊಡ್ಡ ಶೋಧವೆಂದು ಒಪ್ಪುವುದು ಸಂಶಯ.

ಫ್ಲಾರಿಡಾದಲ್ಲಿ 1982ರ ಅಕ್ಟೋಬರ್ 1ರಂದು ತೆರೆದ ಡಿಸ್ನಿಯ ಎಪ್‌ಕಾಟ್ ಉದ್ಯಾನ ಆಹಾರ ಪ್ರವಾಸವನ್ನೇ ಕೃತಕವಾಗಿ ಕಟ್ಟಿದ ಪ್ರಯೋಗ. ಕೊಳವೊಂದರ ಸುತ್ತ ಇಂದು ಹನ್ನೊಂದು ದೇಶಗಳ ಮಂಟಪಗಳಿದ್ದು, ಒಂದೊಂದರಲ್ಲಿ ಆಯಾ ದೇಶದ ಊಟ. ಫ್ರಾನ್ಸಿನ ಮಂಟಪದ ಭೋಜನಶಾಲೆಯನ್ನು ಪಾಲ್ ಬೊಕ್ಯೂಸ್, ರೋಜೆ ವೆರ್ಜೆ, ಗಾಸ್ಟೋನ್ ಲನೋತ್ರ ಎಂಬ ಮೂವರು ಮಹಾ ಬಾಣಸಿಗರು ಸ್ಥಾಪಿಸಿದರು. 1996ರಿಂದ ಅಲ್ಲಿ ನಡೆಯುವ ಆಹಾರೋತ್ಸವಕ್ಕೆ ಯಾವ ಸವಾರಿಯ ಆಸೆಯೂ ಇಲ್ಲದೆ ತಿನ್ನುವುದಕ್ಕಾಗಿಯೇ ಬರುವ ಜನರಿದ್ದಾರೆ. ಹನ್ನೊಂದು ಮಂಟಪಗಳಲ್ಲಿ ಭಾರತದ್ದಿಲ್ಲ.

ಹೊರದೇಶಗಳಿಗೆ ಹೋದಾಗ ಡಿಸ್ನಿಯ ಉದ್ಯಾನಗಳು ಎಡವಿದ್ದೂ ಊಟದ ಹೊಸ್ತಿಲಿನಲ್ಲಿಯೇ. 1992ರಲ್ಲಿ ಪ್ಯಾರಿಸಿನ ಬಳಿ ತೆರೆದಾಗ ಅಮೆರಿಕದ ಪದ್ಧತಿಯಂತೆ ಉದ್ಯಾನದೊಳಗೆ ಮದ್ಯವಿಲ್ಲವೆಂದರು. ಮಧ್ಯಾಹ್ನದ ಊಟಕ್ಕೆ ದ್ರಾಕ್ಷಾರಸವಿಲ್ಲವೆಂಬುದು ಫ್ರೆಂಚರಿಗೆ ಅವಮಾನವಾಗಿ ತೋರಿತು. ಮರುವರ್ಷವೇ ನಿಯಮ ಸಡಿಲಿತು. 2005ರಲ್ಲಿ ಹಾಂಗ್‌ಕಾಂಗಿನಲ್ಲಿ, ಚೀನೀ ಮದುವೆಯೂಟದ ಸಂಪ್ರದಾಯವೆಂದು ಷಾರ್ಕ್ ಮೀನಿನ ರೆಕ್ಕೆಯ ಸಾರನ್ನು ಪಟ್ಟಿಗೆ ಸೇರಿಸಿದಾಗ ಪರಿಸರವಾದಿಗಳ ಪ್ರತಿಭಟನೆಯೆದ್ದು, ತೆರೆಯುವ ಮೊದಲೇ ಅದನ್ನು ತೆಗೆದುಹಾಕಬೇಕಾಯಿತು. ಒಂದು ಕಡೆ ಸ್ಥಳೀಯರ ಪಾನವನ್ನು ಬಿಟ್ಟದ್ದು ತಪ್ಪು, ಇನ್ನೊಂದು ಕಡೆ ಸ್ಥಳೀಯರ ಸಾರನ್ನು ಸೇರಿಸಿದ್ದು ತಪ್ಪು.

ಊಟವೇ ವಸ್ತುವಾದಾಗ

ಜಪಾನಿನಲ್ಲಿ ಆಹಾರವನ್ನೇ ಕಥಾವಸ್ತುವಾಗಿ ಮಾಡಿದ ಉದ್ಯಾನಗಳು ಹುಟ್ಟಿದವು. ಇವುಗಳಲ್ಲಿ ಯೋಕೊಹಾಮಾ ನಗರದ ಷಿನ್–ಯೋಕೊಹಾಮಾ ರಾಮೆನ್ ಮ್ಯೂಸಿಯಂ, 1994ರ ಮಾರ್ಚಿನಲ್ಲಿ ತೆರೆದದ್ದು, ಆದ್ಯವಾದದ್ದು. ರಾಮೆನ್ ಎಂಬುದು ಬಿಸಿ ಸಾರಿನಲ್ಲಿ ಮುಳುಗಿಸಿದ ಗೋದಿಯ ಶ್ಯಾವಿಗೆ. ಉತ್ತರದ ಸಪ್ಪೊರೊದಲ್ಲಿ ಹುಳಿಹಿಡಿಸಿದ ಸೋಯಾ ಹಿಟ್ಟಿನ ಸಾರು, ದಕ್ಷಿಣದ ಹಕಾತದಲ್ಲಿ ಹಂದಿಯ ಮೂಳೆ ಬೇಯಿಸಿದ ಬಿಳಿಯ ಸಾರು, ಹೀಗೆ ಸೀಮೆಗೊಂದು ರೀತಿ. ಕಟ್ಟಡದ ನೆಲಮಾಳಿಗೆಗೆ ಮೆಟ್ಟಿಲಿಳಿದರೆ 1958ರ ಒಂದು ಸಂಜೆಯೊಳಗೆ ಇಳಿದಂತಾಗುತ್ತದೆ: ಮೇಲೆ ಬಣ್ಣ ಬಳಿದ ಮುಸ್ಸಂಜೆಯ ಆಕಾಶ, ಇಕ್ಕಟ್ಟಾದ ಓಣಿಗಳು, ಹಳೆಯ ಚಲನಚಿತ್ರಗಳ ಭಿತ್ತಿಪತ್ರಗಳು, ಮಕ್ಕಳಿಗೆ ಪುಡಿಗಾಸಿನ ಮಿಠಾಯಿ ಮಾರುವ ಗೂಡಂಗಡಿ, ಓಣಿಯುದ್ದಕ್ಕೂ ದೇಶದ ನಾನಾ ಭಾಗಗಳಿಂದ ಬಂದ ಶ್ಯಾವಿಗೆಯ ಅಂಗಡಿಗಳು. 1958ನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಮೊಮೊಫುಕು ಆಂಡೊ ದಿಢೀರ್ ರಾಮೆನ್ನನ್ನು ಮಾರುಕಟ್ಟೆಗೆ ತಂದ ವರ್ಷವದು. ನಮ್ಮ ಮಕ್ಕಳು ಎರಡು ನಿಮಿಷದಲ್ಲಿ ಬೇಯಿಸಿಕೊಳ್ಳುವ ಪೊಟ್ಟಣದ ನೂಡಲ್ಸಿನ ಮೂಲಪುರುಷ ಆತ. ಇಲ್ಲಿಯ ಅಂಗಡಿಗಳು ಪೂರ್ಣ ಬಟ್ಟಲಿನ ಜೊತೆಗೆ ಅರ್ಧದಷ್ಟು ಚಿಕ್ಕ ಬಟ್ಟಲನ್ನೂ ಕೊಡುತ್ತವೆ. ಒಂದೇ ಹೊಟ್ಟೆಯಲ್ಲಿ ಎರಡು ಮೂರು ಸೀಮೆಗಳನ್ನು ಸುತ್ತಿಬರಲು ಇದರಿಂದ ಅನುಕೂಲ. ಆಹಾರೋದ್ಯಾನ ಮಾಡಿದ ಶೋಧಗಳಲ್ಲಿ ಈ ಚಿಕ್ಕ ಬಟ್ಟಲಿಗಿಂತ ಬುದ್ಧಿವಂತವಾದದ್ದು ಇನ್ನೊಂದಿಲ್ಲ.

ಇದರ ಅನುಕರಣಗಳಿಗೆಲ್ಲ ಇದರ ಆಯುಸ್ಸು ದೊರೆಯಲಿಲ್ಲ. ಅದೇ ನಗರದಲ್ಲಿ ಎದ್ದ ಕರಿ ಮ್ಯೂಸಿಯಂ ಕೆಲವು ವರ್ಷ ನಡೆದು ಮುಚ್ಚಿತು. ಜಪಾನೀಯರಿಗೆ ಭಾರತೀಯ ಶೈಲಿಯ ಕರಿಯನ್ನು ಪರಿಚಯಿಸಿದ ಕೀರ್ತಿ ಟೋಕಿಯೋದಲ್ಲಿ ಆಶ್ರಯ ಪಡೆದಿದ್ದ ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸರದು. ಅವರ ಮಾವನ ಮನೆಯವರ ನಕಮುರಾಯ ಎಂಬ ಅಂಗಡಿಯಲ್ಲಿ 1927ರಿಂದ ಅದು ಸಿಗುತ್ತ ಬಂದಿದೆ. ಇಟಲಿಯ ಬೊಲೊನ್ಯಾದಲ್ಲಿ 2017ರಲ್ಲಿ ಒಂದು ಲಕ್ಷ ಚದರ ಮೀಟರಿನ ವಿಸ್ತಾರದಲ್ಲಿ, ಕೊಟ್ಟಿಗೆ, ಗದ್ದೆ, ಗಿಣ್ಣಿನ ಕಾರ್ಖಾನೆ ಸಮೇತವಾಗಿ ಏಳಿಸಿದ ಫಿಕೊ ಎಂಬ ಆಹಾರೋದ್ಯಾನವೂ ಕೆಲವೇ ವರ್ಷಗಳಲ್ಲಿ ತನ್ನ ಸ್ವರೂಪವನ್ನೂ ಹೆಸರನ್ನೂ ಬದಲಿಸಬೇಕಾಯಿತು. ಕಾರಣ ಊಹಿಸಲು ಕಷ್ಟವಲ್ಲ. ಊರಿನ ಹಳೆಯ ಮಾರುಕಟ್ಟೆಯ ಬೀದಿಗಳಲ್ಲಿಯೇ ಉತ್ತಮವಾದ ಗಿಣ್ಣೂ ಶ್ಯಾವಿಗೆಯೂ ಸಿಗುವಾಗ, ಅದರ ಪ್ರತಿಕೃತಿಯನ್ನು ನೋಡಲು ಊರ ಹೊರಕ್ಕೆ ಯಾರು ಹೋಗುವರು? ಯೋಕೊಹಾಮಾದ ಉದ್ಯಾನ ದೂರದ ಊರುಗಳ ರುಚಿಯನ್ನು ಹತ್ತಿರ ತಂದಿತು. ಬೊಲೊನ್ಯಾದ್ದು ಹತ್ತಿರದ ರುಚಿಯನ್ನು ದೂರಕ್ಕೆ ಒಯ್ದಿತು.

ಜರ್ಮನಿಯ ಯೂರೋಪಾ ಪಾರ್ಕಿನಲ್ಲಿ ಬಟ್ಟಲುಗಳು ಅಡುಗೆಮನೆಯಿಂದ ಕಂಬಿಗಳ ಮೇಲೆ ರೋಲರ್ ಕೋಸ್ಟರಿನಂತೆ ಸುರುಳಿ ಸುತ್ತಿ ಮೇಜಿಗೆ ಇಳಿಯುವ ಭೋಜನಶಾಲೆಯಿದೆ. ಉಣ್ಣುವವನ ಬದಲು ಊಟವೇ ಸವಾರಿ ಹೋದ ಈ ತಮಾಷೆಯನ್ನು ಒಮ್ಮೆ ನೋಡಬಹುದು.

ಭಾರತದಲ್ಲಿ

ದೆಹಲಿಯಲ್ಲಿ 1982ರ ಏಷ್ಯನ್ ಕ್ರೀಡಾಕೂಟದ ಲಾಂಛನವಾದ ಆನೆಮರಿಯ ಹೆಸರಿನಲ್ಲಿ 1984ರಲ್ಲಿ ತೆರೆದ ಅಪ್ಪು ಘರ್, ಮುಂಬಯಿಯ ಗೊರಾಯಿಯಲ್ಲಿ 1989ರಲ್ಲಿ ತೆರೆದ ಎಸ್ಸೆಲ್ ವರ್ಲ್ಡ್ ಇವು ಆಧುನಿಕ ಮಾದರಿಯ ಮೊದಲ ಉದ್ಯಾನಗಳು. ಅಪ್ಪು ಘರ್ 2008ರಲ್ಲಿ ಮುಚ್ಚಿತು. ದಕ್ಷಿಣದಲ್ಲಿ ವೋಲ್ಟೇಜ್ ಸ್ಟೆಬಿಲೈಸರ್ ತಯಾರಿಕೆಯಿಂದ ಹೆಸರಾದ ಕೊಚ್ಚೌಸೇಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡನ್ನೂ, 2005ರಲ್ಲಿ ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯ ಬಳಿ ವಂಡರ್‌ಲಾವನ್ನೂ ಕಟ್ಟಿದರು. ಶಾಲೆಯ ಪ್ರವಾಸದ ಬಸ್ಸುಗಳ ಸಾಲಿನಿಂದ ಈ ಎರಡನೆಯದರ ಜನಪ್ರಿಯತೆಯನ್ನು ಅಳೆಯಬಹುದು.

ಭಾರತದ ವಿನೋದೋದ್ಯಾನಗಳ ದ್ವಾರಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಫಲಕವೆಂದರೆ ಹೊರಗಿನ ತಿಂಡಿಗೆ ಪ್ರವೇಶವಿಲ್ಲವೆಂಬುದು. ಬೆಳಗಿನ ಜಾವವೇ ಎದ್ದು ಕಟ್ಟಿಕೊಂಡು ಬಂದ ಚಿತ್ರಾನ್ನ ಮೊಸರನ್ನಗಳ ಡಬ್ಬಿಯನ್ನು ಕಾವಲಿನವರ ಮೇಜಿನ ಮೇಲೆ ಬಿಚ್ಚಿ ತೋರಿಸಿ, ಬೇಡವೆನ್ನಿಸಿಕೊಂಡು, ವಾಹನ ನಿಲ್ಲುವ ಬಯಲಿನ ಮರದ ನೆರಳಿಗೆ ಹಿಂದಿರುಗಿ, ಹತ್ತೂವರೆ ಗಂಟೆಗೇ ಮಧ್ಯಾಹ್ನದ ಊಟವನ್ನು ಮುಗಿಸುವ ಸಂಸಾರಗಳನ್ನು ಅಲ್ಲಿ ನೋಡಬಹುದು. ‘ಕೆಡ್ತದೆ ಕಣೋ, ಇನ್ನೊಂದು ತುತ್ತು ತಿನ್ನು’ ಎಂದು ಅಜ್ಜಿ ಬಲವಂತ ಮಾಡಿದ ಆ ತುತ್ತು, ಅರ್ಧ ಗಂಟೆಯ ಬಳಿಕ ತಲೆಕೆಳಗಾಗಿ ತಿರುಗುವ ಕುರ್ಚಿಯ ಮೇಲೆ ಮೊಮ್ಮಗನಿಗೆ ಎಂಥ ಫಲ ಕೊಡುವುದೆಂದು ವಿವರಿಸಬೇಕಾಗಿಲ್ಲ. ಕಣ್ಣು ಒಂದು ಸುದ್ದಿ ಹೇಳಿ ಒಳಕಿವಿಯ ಸಮತೋಲನದ ಅಂಗ ಇನ್ನೊಂದು ಸುದ್ದಿ ಹೇಳಿದಾಗ ಮಿದುಳು ಗಲಿಬಿಲಿಗೊಂಡು ಹೊಟ್ಟೆ ತೊಳಸುವುದು ಶರೀರಧರ್ಮ. ನೈರ್ಮಲ್ಯಕ್ಕಾಗಿಯೇ ಈ ನಿಯಮವೆಂಬ ಸಮರ್ಥನೆ ಅರ್ಧ ಸತ್ಯ. ಒಳಗಿನ ಅಂಗಡಿಯ ವರಮಾನ ಉಳಿದರ್ಧ.

ಇತ್ತ ಬಿಡದಿಯ ಖ್ಯಾತಿ ವಿನೋದೋದ್ಯಾನಕ್ಕಿಂತ ಹಳೆಯದು, ಮತ್ತು ಅದು ತಟ್ಟೆ ಇಡ್ಲಿಯದು. ಕುಳಿಗಳ ಬದಲು ಅಂಚಿರುವ ಚಪ್ಪಟೆ ತಟ್ಟೆಗಳನ್ನು ಗೋಪುರದಂತೆ ಒಂದರ ಮೇಲೊಂದು ಏರಿಸಿದ ಪಾತ್ರೆಯಲ್ಲಿ ಹಬೆಯೇರಿಸಿ, ಅಂಗೈಯಗಲಕ್ಕಿಂತ ದೊಡ್ಡದಾದ ಇಡ್ಲಿಯ ಮೇಲೆ ಬೆಣ್ಣೆಯ ಉಂಡೆಯಿಟ್ಟು ಚಟ್ನಿಯೊಡನೆ ಕೊಡುತ್ತಾರೆ. ಬೆಣ್ಣೆ ನಡುವಿನಿಂದ ಅಂಚಿಗೆ ಕರಗಿ ಹರಿಯುವ ಅಷ್ಟು ಹೊತ್ತು ಕಾಯಬಲ್ಲವನೇ ಅದರ ರಸಜ್ಞ. ತುಮಕೂರಿನ ಕ್ಯಾತ್ಸಂದ್ರದವರು ತಟ್ಟೆ ಇಡ್ಲಿಯಲ್ಲಿ ಬಿಡದಿಗೆ ಅಗ್ರಸ್ಥಾನ ಕೊಡಲು ಎಂದೂ ಒಪ್ಪಿದವರಲ್ಲ. ಇದೇ ರಸ್ತೆಯಲ್ಲಿ ಮುಂದೆ ರೈಲ್ವೆ ನಿಲ್ದಾಣದಿಂದ ಹೆಸರಾದ ಮದ್ದೂರು ವಡೆಯಿದೆ, ಅದರ ಕೊನೆಯಲ್ಲಿ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನ ಹೆಸರಿನೊಡನೆ ಬಂದ ಮೈಸೂರು ಪಾಕವಿದೆ. ಯಾವ ಇಲಾಖೆಯೂ ಯೋಜಿಸದೆ, ಯಾವ ಫಲಕವೂ ಇಲ್ಲದೆ, ತಿಂಡಿಗೊಂದು ಊರಿನಂತೆ ಬೆಳೆದ ಆಹಾರ ಪ್ರವಾಸದ ಹಾದಿ ಇದು. ಫ್ರಾನ್ಸಿನ ಮಿಷಲಿನ್ ಟೈರು ಕಂಪನಿ 1900ರಲ್ಲಿ ಮೋಟಾರು ಸವಾರರಿಗಾಗಿ ಕೈಪಿಡಿಯನ್ನು ಹೊರಡಿಸಿ, 1926ರಿಂದ ಭೋಜನಶಾಲೆಗಳಿಗೆ ನಕ್ಷತ್ರಗಳನ್ನು ಕೊಡತೊಡಗಿದ್ದು ಜನ ಹೆಚ್ಚು ದೂರ ಓಡಾಡಿ ಹೆಚ್ಚು ಟೈರು ಸವೆಸಲೆಂದು. ನಮ್ಮ ಮೈಸೂರು ರಸ್ತೆಯಲ್ಲಿ ಆ ಕೆಲಸವನ್ನು ಬಸ್ಸಿನ ಚಾಲಕರು ಯಾವ ಕೈಪಿಡಿಯೂ ಇಲ್ಲದೆ ನಿರ್ವಹಿಸಿದರು. ಚಾಲಕ ಬಸ್ಸು ನಿಲ್ಲಿಸಿದ ಹೋಟೆಲೇ ಹೋಟೆಲು.

2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ದಶಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಇವುಗಳನ್ನೆಲ್ಲ ಬಳಸಿ ಹೋಗುತ್ತದೆ. ಪ್ರಯಾಣ ತ್ವರಿತವಾಯಿತು, ಹಳೆಯ ರಸ್ತೆಯ ಹೋಟೆಲುಗಳ ವ್ಯಾಪಾರ ಕುಗ್ಗಿತು. ಈಗ ಬಿಡದಿಗೆ ಹೋಗಬೇಕಾದರೆ ಹೆದ್ದಾರಿಯಿಂದ ಬೇಕೆಂದೇ ಇಳಿಯಬೇಕು; ಮೊದಲು ದಾರಿಯ ಮೇಲಿನ ತಿಂಡಿಯಾಗಿದ್ದುದು ಈಗ ನಿಜವಾದ ಅರ್ಥದಲ್ಲಿ ಆಹಾರ ಪ್ರವಾಸವಾಗಿದೆ. ವಿನೋದೋದ್ಯಾನಕ್ಕೆ ಮಕ್ಕಳನ್ನು ಕರೆದುಕೊಂಡು ಹೊರಟವರು ಹೇಗೂ ಇಲ್ಲಿ ಇಳಿಯುತ್ತಾರೆ. ಅವರಿಗೆ ಹೇಳಬೇಕಾದದ್ದು ಇಷ್ಟೆ: ಉದ್ಯಾನದ ದ್ವಾರ ತೆರೆಯುವುದು ಸಾಮಾನ್ಯವಾಗಿ ಬೆಳಗ್ಗೆ ಹನ್ನೊಂದಕ್ಕೆ, ಹಳೆಯ ರಸ್ತೆಯ ಹೋಟೆಲುಗಳಲ್ಲಿ ಆ ವೇಳೆಗೆ ತಟ್ಟೆ ಇಡ್ಲಿಯ ಎಷ್ಟೋ ಒಬ್ಬೆಗಳು ಇಳಿದಿರುತ್ತವೆ.